‘ಮುಂತಾದವರು’ ಎಂದರೆ ಯಾರು?

ಇಂದು ಬೆಳಿಗ್ಗೆ ಕಲಬುರಗಿಯ ಶಾಲೆಯೊಂದರಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ಹೋಗಿದ್ದೆ. ಸೆಪ್ಟೆಂಬರ್ 17ರಂದು ನಿವೃತ್ತ ಮಾಸ್ತರನನ್ನು ಕರೆದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸುವಷ್ಟು ಮರ್ಯಾದೆ ನಮ್ಮಲ್ಲಿ ಇನ್ನೂ ಉಳಿದಿದೆ. ಭಾಷಣಕಾರರು ಸರ್ದಾರ್ ಪಟೇಲರಿಂದ ಆರಂಭಿಸಿ, ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರನ್ನು ನೆನೆದು, ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯನ್ನು ಮುಗಿಸಿ, ಕೊನೆಗೆ ‘ಮುಂತಾದವರ ತ್ಯಾಗ ಬಲಿದಾನ’ಕ್ಕೆ ಬಂದು ನಿಂತರು. ನಿಜಾಮನ ಪರದ ರಜಾಕಾರರು ಹತ್ಯಾಕಾಂಡ ನಡೆಸಿದ ಬೀದರ್ ಜಿಲ್ಲೆಯ ಗೋರಟಾದ ಮಾತೂ ಬಂತು. ಆದರೆ ಬಂದದ್ದು ಊರಿನ ಹೆಸರು, ಅಲ್ಲಿ ಸತ್ತವರಲ್ಲಿ ಒಬ್ಬರದೂ ಅಲ್ಲ. ಬೂಂದಿಯ ಪೊಟ್ಟಣಕ್ಕೆ ಸಾಲು ನಿಂತಿದ್ದ ಹುಡುಗನೊಬ್ಬ ನನ್ನ ಅಂಗಿಯ ತೋಳು ಜಗ್ಗಿ ಕೇಳಿದ: “ಮುಂತಾದವ್ರು ಅಂದ್ರ ಯಾರ್ರೀ ಸರ?”

ನನಗೆ ಥಟ್ಟನೆ ನೆನಪಾದವನು ದೊಡ್ಡಿ ಕೊಮರಯ್ಯ. ಅಂದಿನ ನಲ್ಗೊಂಡ ಜಿಲ್ಲೆಯ ಕಡವೆಂಡಿ ಎಂಬ ಹಳ್ಳಿಯ, ಕುರಿ ಕಾಯುವ ಕುರುಮರ ಮನೆಯ ತರುಣ. ವಿಸ್ನೂರಿನ ದೇಶಮುಖನಿಗೆ, ಅಂದರೆ ಆ ಸೀಮೆಯ ದೊಡ್ಡ ಜಮೀನ್ದಾರನಿಗೆ, ಬಿಟ್ಟಿ ಚಾಕರಿ ಮಾಡಿ ಬೇಸತ್ತಿದ್ದ ಜನ ಆಂಧ್ರ ಮಹಾಸಭೆಯ ಸಂಘ ಕಟ್ಟಿಕೊಂಡಿದ್ದರು. 1946ರ ಜುಲೈ 4ರಂದು ಅವರು ಬಡಿಗೆ ಹಿಡಿದು, ಘೋಷಣೆ ಕೂಗುತ್ತ ಅವನ ಕೋಟೆಯಂಥ ಮನೆಯಾದ ಗಢಿಯ ಹತ್ತಿರ ಬಂದಾಗ ದೇಶಮುಖನ ಆಳುಗಳು ಗುಂಡು ಹಾರಿಸಿದರು; ಕೊಮರಯ್ಯ ಸತ್ತ. ಆ ಸಾವಿನ ಸುದ್ದಿ ಊರಿಂದೂರಿಗೆ ಹಬ್ಬಿದಂತೆ ರೈತರು ಬಿಟ್ಟಿಯನ್ನು ಧಿಕ್ಕರಿಸಿದರು, ದೊರೆಗಳು ಕಸಿದಿದ್ದ ಹೊಲಗಳನ್ನು ಮರಳಿ ಹಿಡಿದರು. 1951ರವರೆಗೆ ನಡೆದ ತೆಲಂಗಾಣ ರೈತರ ಸಶಸ್ತ್ರ ಹೋರಾಟ ಭುಗಿಲೆದ್ದದ್ದು ಹೀಗೆ. ಅವನು ಭಾಷಣ ಮಾಡಿದವನಲ್ಲ, ಸೆರೆಮನೆಯಿಂದ ಪತ್ರ ಬರೆದವನೂ ಅಲ್ಲ. ಅದಕ್ಕೇ ಇರಬೇಕು, ನಮ್ಮ ಮೈಕಿಗೆ ಅವನು ‘ಮುಂತಾದವರು’.

ಅವನು ತೆಲಂಗಾಣದವನು, ನಮಗೇನು ಸಂಬಂಧ ಎಂದು ಪಕ್ಕದ ಕುರ್ಚಿಯವರು ಕೇಳಿದರು. 1946ರಲ್ಲಿ ಕಲಬುರಗಿ, ಬೀದರ್, ರಾಯಚೂರು, ನಲ್ಗೊಂಡ ಎಲ್ಲವೂ ಒಬ್ಬನೇ ನಿಜಾಮನ ಕೈಕೆಳಗಿದ್ದವು. ಇಷ್ಟಕ್ಕೂ ಪಟೇಲರೇನು ನಮ್ಮ ಪಕ್ಕದ ಕಮಲಾಪುರದವರೇ? ಎಲ್ಲರ ಹೆಸರು ಓದಲು ಸಮಯವಿರುವುದಿಲ್ಲ ಎಂಬ ಮಾತೂ ಬಂತು. ವೇದಿಕೆಯ ಮೇಲಿದ್ದ ಗಣ್ಯರೆಲ್ಲರ ಹೆಸರನ್ನು, ಹುದ್ದೆಯ ಸಮೇತ, ಸ್ವಾಗತಕ್ಕೊಮ್ಮೆ ವಂದನಾರ್ಪಣೆಗೊಮ್ಮೆ ಓದಲು ಮಾತ್ರ ಸಮಯವಿತ್ತು. ನನ್ನ ಹೆಸರನ್ನೂ ಓದಿದರು. ಕಿವಿಗೆ ಹಿತವಾಗಿಯೇ ಇತ್ತು.

ಇನ್ನು ಮುಚ್ಚಿಡಲಾರೆ. ಆ ಭಾಷಣ ನಾನೇ ಬರೆದುಕೊಟ್ಟದ್ದು. ನಿವೃತ್ತನಾಗುವ ವರ್ಷ ಅವಸರದಲ್ಲಿ ಗೀಚಿದ ಒಂದೂವರೆ ಪುಟ. ಪಟೇಲರು, ತೀರ್ಥರು ಆದ ಮೇಲೆ ಹಾಳೆ ತುಂಬಿತೆಂದು ‘ಮುಂತಾದವರು’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಅಂದಿನಿಂದ ಪ್ರತಿ ವರ್ಷ ಅದೇ ಹಾಳೆ ಕೈಯಿಂದ ಕೈಗೆ ಬಂದು ಮಡಿಕೆಗಳಲ್ಲಿ ಹರಿದು ಹೋಗಿದೆ, ಯಾರೋ ಟೇಪು ಅಂಟಿಸಿದ್ದಾರೆ. ಹುಡುಗನಿಗೆ ಕೊಮರಯ್ಯನ ಕಥೆ ಹೇಳಿದೆ. “ಮತ್ತ ಅವನ ಹೆಸರು ಯಾಕ ಬರ್ದಿಲ್ಲರಿ ಅದ್ರಾಗ?” ಎಂದ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಅವನು ಬೂಂದಿಗೆ ಕೈಚಾಚಿದ, ನಾನು ಬಚಾವಾದೆ.