ಪೈನ್‌ಗೆ ಮೊದಲು ಅರಗು, ಆಮೇಲೆ ಬಣ್ಣ

ಊರಲ್ಲಿ ತೇಗದ ಬಾಗಿಲಿಗೆ ಪಾಲಿಷ್ ಹಾಕಿಸಿ ರೂಢಿಯಾದ ನಮ್ಮವರು ಅಮೆರಿಕದಲ್ಲಿ ಪೈನ್ ಹಲಗೆ ತಂದಾಗಲೂ ಅದೇ ಕ್ರಮ ಹಿಡಿಯುತ್ತಾರೆ: ಉಪ್ಪುಕಾಗದ, ಬಣ್ಣ, ಕೊನೆಗೆ ಸೀಲರ್. ತೇಗಕ್ಕೆ ಒಗ್ಗುವ ಈ ಕ್ರಮ ಪೈನನ್ನು ಕೆಡಿಸುತ್ತದೆ. ಪೈನಿನಲ್ಲಿ ವಸಂತದಲ್ಲಿ ಬೆಳೆದ ಪಟ್ಟಿ ಮೆತ್ತಗೆ, ಬೇಸಿಗೆಯ ಕೊನೆಯಲ್ಲಿ ಬೆಳೆದದ್ದು ಗಟ್ಟಿ. ಮೆತ್ತನೆಯದು ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹೀರಿ ಕಪ್ಪಾಗುತ್ತದೆ, ಗಟ್ಟಿಯದು ಬಿಳಿಚಿಕೊಂಡೇ ಇರುತ್ತದೆ. ಮರದ ಎಳೆ ಫೋಟೋ ನೆಗೆಟಿವ್‌ನ ಹಾಗೆ ತಿರುಗಾಮುರುಗಾ ಕಾಣುತ್ತದೆ, ನಡುನಡುವೆ ಮೋಡದಂಥ ಕಲೆ ಬೇರೆ. ಒಳಗಿಳಿದ ಕಲೆ ಹೋಗಬೇಕಾದರೆ ಮರವನ್ನೇ ಕೆರೆಯಬೇಕು.

ಅದಕ್ಕೇ ಇಲ್ಲಿನ ಬಡಗಿಗಳು ಬಣ್ಣಕ್ಕೆ ಮುಂಚೆ ಒಂದು ತೆಳು ಕೋಟ್ ಅರಗು, ಅಂದರೆ ಶೆಲ್ಯಾಕ್, ಕೊಡುತ್ತಾರೆ. ಒಂದು ಲೀಟರ್ ಡಿನೇಚರ್ಡ್ ಆಲ್ಕೋಹಾಲಿಗೆ (ಕುಡಿಯಲಾಗದಂತೆ ಮಾಡಿದ ಸ್ಪಿರಿಟ್) 60ರಿಂದ 120 ಗ್ರಾಂ ಮೇಣ ತೆಗೆದ ಶೆಲ್ಯಾಕ್ ಚಕ್ಕೆ ಹಾಕಿ, ರಾತ್ರಿಯಿಡೀ ಕರಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. ಹಲಗೆಯನ್ನು 180 ಗ್ರಿಟ್‌ನ ಉಪ್ಪುಕಾಗದದವರೆಗೆ ಉಜ್ಜಿದರೆ ಸಾಕು. ಅಗಲ ಬ್ರಷ್‌ನಿಂದ ಒಂದೇ ಎಳೆತ, ಹಿಂದಕ್ಕೆ ಹೋಗಬೇಡಿ. ಒಂದು ಗಂಟೆ ಒಣಗಿಸಿ 320 ಗ್ರಿಟ್‌ನ ಉಪ್ಪುಕಾಗದದಿಂದ ಹಗುರವಾಗಿ ಸವರಿ, ಆಮೇಲೆ ಸ್ಟೇನ್ ಹಚ್ಚಿ ಒರೆಸಿ. ಹಲಗೆಯ ಕೊಯ್ದ ತುದಿ ಹೆಚ್ಚು ಹೀರುವುದರಿಂದ ಅದಕ್ಕೆ ಎರಡು ಕೋಟ್ ಬೇಕು. ಅರಗು ದಪ್ಪವಾದರೆ ಬಣ್ಣ ಹಿಡಿಯುವುದಿಲ್ಲ, ತೀರಾ ನೀರಾದರೆ ಕಲೆ ತಪ್ಪುವುದಿಲ್ಲ. ಅದೇ ಹಲಗೆಯ ತುಂಡೊಂದರ ಮೇಲೆ ನೋಡಿಯೇ ಅಳತೆ ಗೊತ್ತುಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಇಟ್ಟ ದ್ರಾವಣ ಹಚ್ಚಿದ ಮೇಲೆ ಸರಿಯಾಗಿ ಗಟ್ಟಿಯಾಗದಿರಬಹುದು, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅಂಥದ್ದನ್ನು ಚೆಲ್ಲಿಬಿಡಿ. ಬಣ್ಣಕ್ಕೆ ಮುಂಚೆ ಹಚ್ಚಲೆಂದು ಅಂಗಡಿಯಲ್ಲಿ ಸಿಗುವ ಕಂಡಿಷನರ್‌ಗಿಂತ ನನಗೆ ಇದರ ಮೇಲೇ ನಂಬಿಕೆ, ಏಕೆಂದರೆ ತಡೆ ಎಷ್ಟಿರಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ.

ಆದರೂ ಚನ್ನಪಟ್ಟಣದ ಗೊಂಬೆ ಮಾಡುವವರ ದಾರಿ ಇದಕ್ಕಿಂತ ಜಾಣತನದ್ದು. ಅವರು ಬಳಸುವ ಹಾಲೆ ಮರವೂ ಬಿಳಿ, ಮೆತ್ತಗೆ. ಅಲ್ಲಿ ಬಣ್ಣವನ್ನು ಮರಕ್ಕೆ ಕುಡಿಸುವುದೇ ಇಲ್ಲ, ಅರಗಿಗೇ ಬೆರೆಸಿರುತ್ತಾರೆ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಅಂಟುತ್ತದೆ, ಒಣ ತಾಳೆಗರಿ ಒತ್ತಿದಾಗ ಸಮನಾಗಿ ಹರಡಿ ಹೊಳಪು ಬರುತ್ತದೆ. ಕಲೆಯ ಮಾತೇ ಬರುವುದಿಲ್ಲ.

ಚಪ್ಪಟೆ ಹಲಗೆಗೆ ಲೇತ್ ಇಲ್ಲದಿದ್ದರೂ ತತ್ವ ಉಪಯೋಗಕ್ಕೆ ಬರುತ್ತದೆ. ಮೇಲಿನ ತೆಳು ಕೋಟ್ ಕೊಟ್ಟ ಹಲಗೆಗೆ, ಸ್ಟೇನ್ ಬದಲು, ಆಲ್ಕೋಹಾಲಲ್ಲಿ ಕರಗುವ ಡೈ ಬೆರೆಸಿದ ಅರಗನ್ನು ಮೂರು ನಾಲ್ಕು ತೆಳು ಕೋಟ್ ಕೊಡಿ. ಒಂದೇ ಸಲಕ್ಕೆ ಗಾಢ ಮಾಡಹೋದರೆ ಬ್ರಷ್ ಒಂದರ ಮೇಲೊಂದು ಹಾಯ್ದ ಕಡೆ ಪಟ್ಟೆ ಏಳುತ್ತದೆ. ಪೈನ್ ಪುಸ್ತಕದ ಕಪಾಟಿಗೆ ನನ್ನ ಮತ ಇದಕ್ಕೇ.

ಊಟದ ಮೇಜಿಗೆ ಮಾತ್ರ ಅರಗನ್ನು ಮೇಲ್ಪದರವಾಗಿ ಬಿಡಬೇಡಿ. ಬಿಸಿ ಪಾತ್ರೆಗೆ ಬೆಳ್ಳಗಾಗುತ್ತದೆ, ಸ್ಯಾನಿಟೈಸರ್ ತಗುಲಿದರೆ ಕರಗುತ್ತದೆ. ಮೇಲೆ ಪಾಲಿಯುರೆಥೇನ್ ಬೇಕು, ಅದು ಹಿಡಿಯಬೇಕಾದರೆ ಕೆಳಗಿನ ಅರಗು ಮೇಣ ತೆಗೆದದ್ದೇ ಆಗಿರಬೇಕು. ಮೇಣವಿದ್ದರೆ ಪದರ ಸುಲಿದು ಬರುತ್ತದೆ.