ಜಂತುಹುಳದ ಮಾತ್ರೆ ಕೊಟ್ಟು ಮಕ್ಕಳನ್ನ ಅದೇ ಮಣ್ಣಿಗೆ ಬಿಟ್ರೆ ಏನ್ ಬಂತು?

ನಮ್ಮ ಗದ್ದೆ ಇರೋದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ. ರಾತ್ರಿ ಹನ್ನೊಂದರ ಮೇಲೆ ಸೆಪ್ಟಿಕ್ ಟ್ಯಾಂಕ್ ಎಳೆಯೋ ಗಾಡಿ ಬರುತ್ತೆ. ಪೈಪು ಬಿಚ್ಚಿ, ಊರಿನ ಹೇಲನ್ನೆಲ್ಲಾ ಕಾಲುವೆ ಏರಿ ಮೇಲೆ ಸುರಿದು ಹೋಗುತ್ತೆ. ಬೆಳಗ್ಗೆ ಅದರ ಮೇಲೇ ನಮ್ಮ ಮಕ್ಕಳು ಬರಿಗಾಲಲ್ಲಿ ಓಡಾಡ್ತವೆ, ಹೆಂಗಸರು ನಾಟಿಗೆ ಇಳೀತಾರೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಎರಡು ತಿಂಗಳಿಂದ ನಾಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಕದ್ದು ಕದ್ದು ಬಳಪ ತಿಂತಿದ್ಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರೆ ಒಳಗೆ ಬರೀ ಬಿಳುಪು. ರಕ್ತ ಪರೀಕ್ಷೆಲಿ ಹಿಮೋಗ್ಲೋಬಿನ್ ಬರೀ 7.4. ಮಲ ಪರೀಕ್ಷೆಲಿ ಕೊಕ್ಕೆಹುಳದ ಮೊಟ್ಟೆ ಸಿಕ್ತು. ಡಾಕ್ಟರು, 'ಕಾಲ್ಬೆರಳ ಸಂದಿಲಿ ತುರಿಕೆ ಗುಳ್ಳೆ ಎದ್ದಿತ್ತಾ?' ಅಂದ್ರು. ಎದ್ದಿತ್ತು. ಕೆಸರಿಗೆ ಆಗಿರಬೇಕು ಅಂತ ಅರಿಶಿನ ಹಚ್ಚಿ ಸುಮ್ಮನಾಗಿದ್ವಿ. ಹುಳ ಒಳಗೆ ಹೋಗಿದ್ದೇ ಅಲ್ಲಿಂದ. ಹೇಲಲ್ಲಿರೋ ಮೊಟ್ಟೆ ಒದ್ದೆ ಮಣ್ಣಲ್ಲಿ ಒಂದೆರಡು ದಿನಕ್ಕೆ ಒಡೆಯುತ್ತಂತೆ, ವಾರ ಹತ್ತು ದಿನದೊಳಗೆ ಮರಿ ಚರ್ಮ ಕೊರೆಯೋಕೆ ತಯಾರು. ಅಲ್ಲಿಂದ ರಕ್ತ, ಶ್ವಾಸಕೋಶ, ಗಂಟಲು, ಆಮೇಲೆ ಕರುಳು. ಕರುಳಿಗೆ ಕಚ್ಕೊಂಡು ರಕ್ತ ಹೀರುತ್ತೆ. ನನ್ನ ಕೂಸಿನ ರಕ್ತ ರೀ!

2015ರಿಂದ ಜಂತುಹುಳು ನಿವಾರಣಾ ದಿನ ಮಾಡ್ತಿದ್ದಾರೆ. ಸ್ಕೂಲಲ್ಲಿ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಅಗಿದು ತಿನ್ನಿಸ್ತಾರೆ. ಒಳ್ಳೇದೇ, ಅದನ್ನ ಯಾರೂ ತಪ್ಪಿಸಬೇಡಿ. ಅಂಗನವಾಡಿ ಟೀಚರು, ಆಶಾ ಅಕ್ಕ ಮನೆ ಮನೆ ಅಲೆದು ಹೇಳ್ತಾರೆ, ಅವರ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಆದ್ರೆ ಮಾತ್ರೆ ಹೊಟ್ಟೆಲಿರೋ ಹುಳ ಸಾಯಿಸುತ್ತೆ, ಏರಿ ಮೇಲಿನ ಮಣ್ಣನ್ನಲ್ಲ. ದುಂಡುಹುಳ ಅಂತ ಇನ್ನೊಂದು ಜಂತುಹುಳ ಇದೆ, ಅದರ ಮೊಟ್ಟೆ ಅಂತೂ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಆ ಮಣ್ಣು ಸೊಪ್ಪಿಗೆ ಮೆತ್ತುತ್ತೆ, ಉಗುರಿಗೆ ಸೇರುತ್ತೆ, ಮಕ್ಕಳ ಬಾಯಿಗೆ ಹೋಗುತ್ತೆ.

ಪಂಚಾಯ್ತಿಗೆ ಹೋಗಿ ಕೇಳಿದ್ರೆ ಬಂದ ಉತ್ತರ: 'ಗೊಬ್ಬರ ಆಗುತ್ತೆ ಬಿಡ್ರಿ, ನಿಮ್ಮ ಗದ್ದೆಗೇ ಒಳ್ಳೇದು.' ಹೊಟ್ಟೆ ಉರಿದುಹೋಯ್ತು. ಗೊಬ್ಬರ ಆಗೋಕೆ ಗುಂಡಿ ಮುಚ್ಚಿ ವರ್ಷದ ಮೇಲೆ ಬಿಡಬೇಕು. ಇಲ್ಲ ಸಂಸ್ಕರಣಾ ಘಟಕಕ್ಕೆ ಸಾಗಿಸಬೇಕು. ಹಸಿ ಹೇಲು ತಂದು ಸುರಿಯೋದು ಗೊಬ್ಬರವಾ? ಊರ ಬಾಗಿಲಲ್ಲಿ 'ಬಯಲು ಶೌಚ ಮುಕ್ತ ಗ್ರಾಮ' ಬೋರ್ಡು ಬೇರೆ. ನಾವು ಕಷ್ಟಪಟ್ಟು ಕಕ್ಕಸು ಕಟ್ಟಿಸ್ಕೊಂಡಿದ್ದು ಟ್ಯಾಂಕರಲ್ಲಿ ತುಂಬ್ಕೊಂಡು ಬಂದು ಬಯಲಿಗೇ ಬಿಡಲಿ ಅಂತಾನಾ?

ಮಗಳಿಗೆ ಈಗ ಕಬ್ಬಿಣದ ಮಾತ್ರೆ ನಡೀತಿದೆ, ಚಪ್ಪಲಿ ಇಲ್ಲದೆ ಹೊಸ್ತಿಲು ದಾಟಿಸಲ್ಲ. ಆದ್ರೆ ಮುಂದಿನ ವಾರ ನಾಟಿ. ಮೊಣಕಾಲುದ್ದ ಕೆಸರಲ್ಲಿ ಚಪ್ಪಲಿ ಹಾಕ್ಕೊಂಡು ಅವರಮ್ಮ ಹೆಂಗೆ ಪೈರು ನೆಡ್ತಾಳೆ? ಗಾಡಿ ನಂಬರ್ ಬರ್ಕೊಂಡಿದ್ದೀನಿ. ಈ ಸಲ ಗ್ರಾಮಸಭೆಲಿ ಮಗಳ ರಕ್ತದ ರಿಪೋರ್ಟು ಮೇಜಿನ ಮೇಲಿಟ್ಟೇ ಕೇಳ್ತೀನಿ.