ಟಾಮಿ ಡಗ್ಲಸ್ ಕೆನಡಾದ ಪ್ರಧಾನಿ ಆಗಿರಲಿಲ್ಲ

"ಕೆನಡಾದ ಪ್ರಧಾನಿಯಾಗಿದ್ದ ಪಾದ್ರಿ ಟಾಮಿ ಡಗ್ಲಸ್ ಒಂದೇ ಸಹಿ ಹಾಕಿ ಇಡೀ ದೇಶಕ್ಕೆ ಉಚಿತ ಚಿಕಿತ್ಸೆ ಕೊಟ್ಟರು" ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪಾದ್ರಿ ಅನ್ನುವುದು ನಿಜ. ಮಿಕ್ಕಿದ್ದು ತಪ್ಪು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಗ್ಲಸ್, 1930ರಲ್ಲಿ ಸಸ್ಕಾಚೆವನ್ ಪ್ರಾಂತ್ಯದ ವೇಬರ್ನ್ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಬಂದರು. 1935ರಲ್ಲಿ ಸಂಸದರಾದರು. 1944ರಿಂದ 1961ರವರೆಗೆ ಆ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಪ್ರಧಾನಿ ಕುರ್ಚಿ ಅವರಿಗೆ ಸಿಗಲೇ ಇಲ್ಲ.

ಇನ್ನು ಆ "ಒಂದೇ ಸಹಿ". ಸುಮ್ನೆ ಮಾತು! 1947ರಲ್ಲಿ ಅವರ ಸರ್ಕಾರ ತಂದದ್ದು ಆಸ್ಪತ್ರೆ ಖರ್ಚಿನ ವಿಮೆ ಮಾತ್ರ. ಅದಕ್ಕೂ ಜನ ತಲೆಗೆ ವರ್ಷಕ್ಕೆ 5 ಡಾಲರ್ ಕಟ್ಟಬೇಕಿತ್ತು. ಡಾಕ್ಟರ ಫೀಸನ್ನೂ ಸರ್ಕಾರವೇ ಕೊಡುವ ಯೋಜನೆ ಶುರುವಾಗಿದ್ದು 1962ರ ಜುಲೈ 1ರಂದು. ಅಷ್ಟರಲ್ಲಿ ಡಗ್ಲಸ್ ಹೊಸ ಪಕ್ಷ ಎನ್‌ಡಿಪಿಯ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ನಾಯಕರಾಗಿ ರಾಷ್ಟ್ರ ರಾಜಕೀಯಕ್ಕೆ ಹೋಗಿದ್ದರು. ಹಿಂದಿನ ತಿಂಗಳಷ್ಟೇ ಪ್ರಾಂತ್ಯದ ರಾಜಧಾನಿ ರಿಜೈನಾದಲ್ಲಿ ಸಂಸತ್ ಚುನಾವಣೆಗೆ ನಿಂತು ಸೋತೂ ಇದ್ದರು. ಈ ಯೋಜನೆ ಬೇಡ ಅಂತ ಡಾಕ್ಟರುಗಳು ಮಾಡಿದ 23 ದಿನದ ಮುಷ್ಕರ ಎದುರಿಸಿದ್ದು ಅವರ ನಂತರ ಪ್ರೀಮಿಯರ್ ಆಗಿ ಬಂದ ವುಡ್ರೋ ಲಾಯ್ಡ್. ಲಾಯ್ಡ್ ಹೆಸರು ಯಾರೂ ಹೇಳುವುದಿಲ್ಲ, ಪಾಪ. ಇಂಥ ಯೋಜನೆ ದೇಶಕ್ಕೆಲ್ಲ ಕಾನೂನಾಗಿದ್ದು 1966ರಲ್ಲಿ, ಪ್ರಧಾನಿ ಲೆಸ್ಟರ್ ಪಿಯರ್ಸನ್ ಕಾಲದಲ್ಲಿ.

ಡಗ್ಲಸ್ ಕಾಲಿನ ಬಗ್ಗೆ ಜನ ಹೇಳುವ ಕಥೆ ಮಾತ್ರ ಕಟ್ಟುಕಥೆ ಅಲ್ಲ. ಹುಡುಗನಾಗಿದ್ದಾಗ ಮೂಳೆ ಸೋಂಕಿನಿಂದ ಕಾಲು ಕತ್ತರಿಸುವ ಸ್ಥಿತಿ ಬಂದಿತ್ತು. ವಿನಿಪೆಗ್‌ನ ಸರ್ಜನ್ ಒಬ್ಬರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಬಿಟ್ಟರೆ ದುಡ್ಡು ತೆಗೆದುಕೊಳ್ಳದೆ ಆಪರೇಷನ್ ಮಾಡುತ್ತೇನೆ ಅಂದರು. ಕಾಲು ಉಳಿಯಿತು.